ನಾಜಲ್ ಬಸಪ್ಪನ ಎಡಗೈ

“ಜಗ್ಗಬ್ಯಾಡೋ ತಮ್ಮಾ, ಮುರದ್ಹೋಗ್ತಾವು,” ಎನ್ನುತ್ತ ರಾಜಾಸಾಬ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ.

ಕಲ್ಲೇಶ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ತೀರಿಹೋದ ಅಣ್ಣನ ಎಡಗೈಗೆ ಸುತ್ತಿ, ಮಡಚಿದ ಬೆರಳುಗಳನ್ನು ಬಿಡಿಸಲು ನೋಡುತ್ತಿದ್ದ. ದೊಡ್ಡಬಸಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಸೇವಂತಿಗೆ. ಕಾರಟಗಿಯ ಕಾಲುವೆ ಸೀಮೆಯಲ್ಲಿ ‘ನಾಜಲ್ ಬಸಪ್ಪ’ ಎಂದರೆ ಗೊತ್ತಿಲ್ಲದವರಿರಲಿಲ್ಲ. ಡೀಸೆಲ್ ಎಂಜಿನ್ನಿನ ಪಂಪು, ಎಣ್ಣೆ ಚಿಮ್ಮಿಸುವ ನಾಜಲ್ಲು ರಿಪೇರಿ ಮಾಡುತ್ತಲೇ ತಲೆ ಹಣ್ಣಾದವನು. ರಾಜಾಸಾಬ ಆ ಅಂಗಡಿಯ ಜೊತೆಗಾರ.

“ಅಂಗೈ ಬಿಚ್ಚದಿದ್ರ ಲಿಂಗ ಎಲ್ಲಿ ಇಡೂದಣ್ಣ? ಮಣ್ಣು ಕೊಡೂವಾಗ ಎಡಗೈಯಾಗ ಇಡಬೇಕಲ್ಲ,” ಎಂದ ಕಲ್ಲೇಶ.

ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಸಮಾಧಾನ ಹೇಳಿದರು: “ಆಗದಿದ್ರ ಬಟ್ಯಾಗ ಕಟ್ಟಿ ಎದಿಗೆ ಹಾಕೂಣು. ಶಿವ ಏನ್ ಸಿಟ್ಟಾಗಾಂಗಿಲ್ಲ.”

ಪಾರ್ವತೆಮ್ಮ ಗಂಡನ ಮಗ್ಗುಲಲ್ಲಿ ಕೂತು ಆ ಕೈಯನ್ನೇ ನೋಡುತ್ತಿದ್ದಳು. ಹಬ್ಬಕ್ಕೊಂದು ಅಂಗಿ ಬೇಕೆಂದು ಕೇಳಿದವನಲ್ಲ ಅವನು. ಇದೊಂದನ್ನು ಮಾತ್ರ ಮೇಲಿಂದ ಮೇಲೆ ಕೇಳಿದ್ದ: “ಹೋಗೂ ದಿನಾ ಆದ್ರೂ ನನ್ನ ಲಿಂಗ ನನ್ನ ಕೈಯಾಗ ಇರ್ಲಿ, ಪಾರೀ.”

ಅಂಗಳದಲ್ಲಿ ಭಜನೆಯವರು ತಾಳ ಕೂಡಿಸುತ್ತಿದ್ದರು. ಮೆರವಣಿಗೆಗೆ ತಂದ ಟ್ರ್ಯಾಕ್ಟರು ಭುಸ್ಸನೆ ಕರಿಹೊಗೆ ಕಾರಿತು.

“ಬಂದ್ ಮಾಡೋ ಅದನ್ನ!” ರಾಜಾಸಾಬ ಕೂಗಿದ. “ಇಂಥಾ ಹೊಗಿ ಬಿಟ್ರ ಬಸಣ್ಣ ಎದ್ದು ಬಂದು ನಾಜಲ್ ಬಿಚ್ಚತಾನ!”

ಅಳುತ್ತಿದ್ದ ಹೆಂಗಸರೂ ಸೆರಗಿನೊಳಗೆ ನಕ್ಕರು. ರಾಜಾಸಾಬ ಪಾರ್ವತೆಮ್ಮನ ಕಡೆ ತಿರುಗಿದ. “ಆ ಗಿರಣಿ ಎಂಜಿನ್... ನೆನಪೈತೇನಕ್ಕಾ?”

*

ತೊಂಬತ್ತೆಂಟರ ಸುಗ್ಗಿ. ಅಕ್ಕಿ ಗಿರಣಿಯ ಮುಂದೆ ಭತ್ತದ ಗಾಡಿಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಒಳಗೆ ಎಂಜಿನ್ನು ಡಣ್ ಡಣ್ ಬಡಿದುಕೊಳ್ಳುತ್ತ, ಹೊಗೆ ಉಗುಳುತ್ತ, ಡೀಸೆಲ್ಲನ್ನು ಗಟಗಟ ಕುಡಿಯುತ್ತಿತ್ತು. ಬುತ್ತಿ ತಂದ ಪಾರ್ವತೆಮ್ಮ ಹೊಸ್ತಿಲಲ್ಲಿ ಕೂತಿದ್ದಳು.

ಬಸಪ್ಪ ನಾಜಲ್ಲಿನ ಸ್ಪ್ರಿಂಗಿಗೆ ತೆಳ್ಳನೆಯ ಬಿಲ್ಲೆಯೊಂದನ್ನು ಸೇರಿಸಿದ. ಒತ್ತಡ ಏರಿತು, ಹನಿಹನಿಯಾಗಿ ಸುರಿಯುತ್ತಿದ್ದ ಡೀಸೆಲ್ಲು ಮಂಜಾಯಿತು. ಆಮೇಲೆ ಪಂಪಿನ ಅಡಿಗೆ ಒಂದು ತಗಡು ಕೊಟ್ಟು, ಡೀಸೆಲ್ಲು ಸಿಡಿಯುವ ಹೊತ್ತನ್ನು ತುಸು ತಡ ಮಾಡಿದ. ಎಂಜಿನ್ನಿನ ಬಡಿತ ಮೆತ್ತಗಾಯಿತು, ಹೊಗೆ ತಿಳಿಯಾಯಿತು.

“ನೋಡು ಪಾರೀ, ಬೆಂಕಿಗೂ ಒಂದು ಹೊತ್ತು ಐತಿ. ಮುಂಚೆ ಬಂದ್ರ ಬಡೀತೈತಿ, ತಡಾ ಆದ್ರ ಹೊಗಿ ಆಕೈತಿ.”

“ಊಟಕ್ಕೂ ಒಂದು ಹೊತ್ತು ಐತಿ. ಏಳ್ರಿ.”

“ಇನ್ನೊಂದು ನಾಜಲ್ ನೋಡೇಬಿಡ್ತೀನಿ ತಡಿ.”

ಅದಕ್ಕೂ ಬಿಲ್ಲೆ ಸೇರಿಸಿ, ಪರೀಕ್ಷಿಸುವ ಕೈಪಂಪಿನ ಬೆಂಚಿಗೆ ಕಟ್ಟಿದರು. ರಾಜಾಸಾಬ ಹಿಡಿಕೆ ಒತ್ತಿದ. ಮಂಜು ಸುತ್ತಲೂ ಸಮನಾಗಿ ಹರಡುತ್ತದೆಯೇ ಎಂದು ತಿಳಿಯಲು ಬಸಪ್ಪ ಎಂದಿನಂತೆ ಎಡ ಅಂಗೈ ಒಡ್ಡಿದ. ಒತ್ತಡ ಏರಿಸಿದ ನಾಜಲ್ಲು, ಕೈ ತೀರ ಹತ್ತಿರ.

“ಇಸ್ಸ್... ಇರಿವಿ ಕಡದಂಗಾತು,” ಎಂದು ನಕ್ಕು ಕೈ ಒರೆಸಿಕೊಂಡ. ಡೀಸೆಲ್ಲು ಚರ್ಮ ತೂರಿದ ತೂತು ಕಣ್ಣಿಗೂ ಕಾಣುವಂತಿರಲಿಲ್ಲ. ಮರುದಿನ ಕೈ ಬಾತು ಹೋಯಿತು. ಒಳಗೆ ಹೊಕ್ಕ ಡೀಸೆಲ್ಲನ್ನು ಡಾಕ್ಟರು ಅಂಗೈ ಸೀಳಿ ತೆಗೆದರು. ಕೈ ಉಳಿಯಿತು, ಬೆರಳುಗಳು ಮಾತ್ರ ಮಡಚಿದ್ದು ಮಡಚಿದಂತೆಯೇ ನಿಂತವು.

ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸದೆ ಅವನು ಉಣ್ಣುವವನಲ್ಲ. “ಅಂಗೈನ ಇಲ್ಲದ ಮ್ಯಾಲ ಎಂಥಾ ಪೂಜಿ, ಎಂಥಾ ಊಟ!” ಎಂದು ಅವನು ಗಂಗಾಳ ಸರಿಸಿದ. ಪಾರ್ವತೆಮ್ಮ ಅವನ ಕೊರಳಿನ ಲಿಂಗ ಬಿಚ್ಚಿ ತನ್ನ ಎಡಗೈ ಮೇಲಿಟ್ಟುಕೊಂಡು ಮುಂದೆ ಕೂತಳು.

“ಈ ಕೈ ಬ್ಯಾರೆದವರದೇನು?”

ಅಂದಿನಿಂದ ದಿನಾ ಬೆಳಿಗ್ಗೆ ಅವಳ ಅಂಗೈಯಲ್ಲೇ ಅವನ ಪೂಜೆ. ನೀರು, ವಿಭೂತಿ, ಪತ್ರಿ. ಈ ಮಾತು ಮನೆಯ ಹೊಸ್ತಿಲು ದಾಟಿರಲಿಲ್ಲ.

*

ರುದ್ರಭೂಮಿಯಲ್ಲಿ ಬಸಪ್ಪನನ್ನು ಕುಣಿಯೊಳಗಿನ ಗೂಡಿನಲ್ಲಿ ಕೂರಿಸಿದರು. ಕಲ್ಲೇಶ ಮತ್ತೆ ಬೆರಳಿಗೆ ಕೈ ಹಾಕಿದ.

“ಬಿಡೋ ಕಲ್ಲೇಶ,” ಎಂದಳು ಪಾರ್ವತೆಮ್ಮ. ಆಮೇಲೆ ಅಯ್ಯನವರತ್ತ ತಿರುಗಿದಳು. “ಅಯ್ಯಾರ, ಇಷ್ಟು ವರ್ಷ ಇವರ ಪೂಜಿ ನನ್ನ ಕೈಯಾಗ ನಡದೈತಿ. ತಪ್ಪಿದ್ರ ನನಗ ಹತ್ತಲಿ.”

ತಾಳ ನಿಂತಿತು. ಅಯ್ಯನವರು ಅವಳ ಕೈಯನ್ನೊಮ್ಮೆ, ಕುಣಿಯೊಳಗಿನ ಕೈಯನ್ನೊಮ್ಮೆ ನೋಡಿದರು.

“ಕೈ ಯಾರದಾದ್ರೇನು ತಾಯಿ, ಭಕ್ತಿ ಅವನದ. ಆದ್ರ ಈಗ ಅಂಗೈ ಬಿಚ್ಚಬೇಕಲ್ಲ?”

“ಬಿಚ್ಚೂದ್ಯಾಕ್ರಿ? ಅಂಗೈ ಬಿಚ್ಚೂದು ಪೂಜಿಗೆ. ಪೂಜಿ ಮುಗೀತು. ಇನ್ನ ಹಿಡಕೊಂಡು ಹೋಗ್ಲಿ.”

ಅಯ್ಯನವರು ತಲೆಯಾಡಿಸಿದರು. ರಾಜಾಸಾಬ ತೋಳು ಕೊಟ್ಟು ಅವಳನ್ನು ಮೆಲ್ಲಗೆ ಕುಣಿಯೊಳಗೆ ಇಳಿಸಿದ. ಅವಳು ಗಂಡನ ಕೊರಳಿನಿಂದ ಬಿಚ್ಚಿ ಎಡ ಅಂಗೈ ಮೇಲಿಟ್ಟುಕೊಂಡ ಲಿಂಗಕ್ಕೆ ಅಯ್ಯನವರು ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿದರು. ಅವಳು ಅದನ್ನು ಗಂಡನ ಹೆಬ್ಬೆರಳ ಬದಿಯಿಂದ, ಮಡಚಿದ ಬೆರಳುಗಳ ಒಳಗೆ ಸರಿಸಿದಳು. ಒಳಗೆ ಹೋದದ್ದು ಅಲ್ಲೇ ನಿಂತಿತು. ಕಟ್ಟಲು ತಂದ ಬಟ್ಟೆಯನ್ನು ಕಲ್ಲೇಶ ಹೆಗಲ ಮೇಲೆ ಹಾಕಿಕೊಂಡ.

ಮಣ್ಣು ಬೀಳತೊಡಗಿತು. ಮೇಲೆ ಬಂದು ನಿಂತ ಪಾರ್ವತೆಮ್ಮನ ಎಡಗೈ ಇನ್ನೂ ಚಾಚಿಯೇ ಇತ್ತು. ಅಂಗೈಯ ಹಸಿ ವಿಭೂತಿಯ ನಡುವೆ ಲಿಂಗವಿದ್ದಷ್ಟು ಜಾಗ ದುಂಡಗೆ, ಬರಿದಾಗಿತ್ತು.