ಮೂರು ಮೂಗು, ಒಂದು ಕಾರು

ಆ ಗ್ಯಾರೇಜಿನ ಯಜಮಾನರನ್ನು ಊರೆಲ್ಲ ಮೂಗಪ್ಪ ಎಂದೇ ಕರೆಯುತ್ತಿತ್ತು. ಹೆತ್ತವರಿಟ್ಟ ಹೆಸರೇನೆಂದು ಕೇಳಿದರೆ ಅವರೇ ಒಂದು ಗಳಿಗೆ ಯೋಚಿಸಬೇಕಿತ್ತು. ಬಾನೆಟ್ ಎತ್ತಿ ಒಮ್ಮೆ ಮೂಸಿದರೆ ಸಾಕು, ಕ್ಲಚ್ ಸುಟ್ಟಿದೆಯೋ, ವೈರ್ ಕರಗಿದೆಯೋ, ಆಯಿಲ್ ಸೋರುತ್ತಿದೆಯೋ ಹೇಳಿಬಿಡುತ್ತಿದ್ದರು. ಮೂವತ್ತು ವರ್ಷ ಮನೆಮಂದಿಗೆಲ್ಲ ಅನ್ನ ಹಾಕಿದ ಆ ಮೂಗು ಹೋದ ವರ್ಷದ ಜ್ವರದಲ್ಲಿ ಸತ್ತೇಹೋಯಿತು ನೋಡಿ! ಸೋಪೂ ಒಂದೇ, ಪೆಟ್ರೋಲೂ ಒಂದೇ. ಅವರು ಯಾರಿಗೂ ಬಾಯಿ ಬಿಡಲಿಲ್ಲ. ಮೂಗಪ್ಪನಿಗೇ ಮೂಗಿಲ್ಲ ಎಂದರೆ ಜನ ಬಿದ್ದು ಬಿದ್ದು ನಗುವುದಿಲ್ಲವೇ? ಮೂಸಿದಂತೆ ಮಾಡಿ, ಕಣ್ಣು ಕಿವಿಗಳ ಅಂದಾಜಿನಲ್ಲೇ ಹೇಗೋ ಮಾನ ಉಳಿಸಿಕೊಂಡಿದ್ದರು.

ಹೀಗಿರುವಾಗ ಬಂತು ನರ್ಸಮ್ಮನ ಕಾರು. ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸು ಆಕೆ. ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ಹತ್ತು ದಿನಕ್ಕೊಮ್ಮೆ ಅರ್ಧಕ್ಕರ್ಧ ಇಳಿದುಹೋಗುತ್ತಿತ್ತು. ಕಾರು ನಿಂತ ಜಾಗದಲ್ಲಿ ಮಾತ್ರ ಒಂದು ಹನಿಯೂ ಇಲ್ಲ.

"ಇಬ್ಬರು ಮೆಕ್ಯಾನಿಕ್ಕುಗಳು ಎಂಜಿನ್ ಬಿಚ್ಚಬೇಕು ಅಂದ್ರು. ವಾರಗಟ್ಟಲೆ ಕಾರಿಲ್ಲದೆ ಇದ್ರೆ ನನ್ನ ಪೇಷಂಟ್‌ಗಳ ಗತಿ ಏನು?" ಎಂದರು ನರ್ಸಮ್ಮ.

ಮೂಗಪ್ಪ ಕೀಲಿಯನ್ನು ಮಗಳ ಕೈಗಿಟ್ಟರು. ಆರು ವರ್ಷ ತಮ್ಮ ಜೊತೆ ಕೈ ಮಸಿ ಮಾಡಿಕೊಂಡು ಕಲಿತವಳು; ಆದರೂ ಬಂದವರೆಲ್ಲ ಅವಳ ಭುಜದಾಚೆ ಅಪ್ಪನನ್ನೇ ಹುಡುಕುತ್ತಿದ್ದರು. "ಇದು ಪೂರ್ತಿ ನಿನ್ನ ಕೆಲಸ ಕಣಮ್ಮ. ನೀನು ಏನಂತೀಯೋ ಅದೇ ಗ್ಯಾರೇಜಿನ ಮಾತು," ಎಂದರು. ಅವಳ ಮೊದಲ ಮಾತು ಸುಳ್ಳಾದರೆ ಊರು ಅವಳನ್ನು ಇನ್ನೊಂದು ಹತ್ತು ವರ್ಷ ನಂಬುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಗಳ ದಾರಿಯೇ ಬೇರೆ. ಕೂಲಂಟ್ ಎಲ್ಲೆಲ್ಲಿಂದ ಹೋಗಬಹುದೋ ಅಷ್ಟನ್ನೂ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದಳು. ಒಂದೊಂದನ್ನೇ ಪರೀಕ್ಷಿಸಿ, ಪಕ್ಕದಲ್ಲಿ ಕಾರಣ ಬರೆದು, ಆಮೇಲೆ ಹೊಡೆದುಹಾಕುವುದು ಅವಳ ಪದ್ಧತಿ.

"ಅಪ್ಪಾ, ನಂಗೆ ನೆಗಡಿ, ಮೂಗು ಕಟ್ಟಿದೆ. ಒಳಗೆ ಕೂತು ಹೀಟರ್ ಹಾಕಿ ನೋಡ್ತೀರಾ? ಹೀಟರಿನೊಳಗೂ ಇದೇ ಕೂಲಂಟ್ ಹರಿಯೋದು, ಅಲ್ಲಿ ಸೋರ್ತಿದ್ರೆ ಸಿಹಿ ವಾಸನೆ ಬರಬೇಕು."

ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ನರ್ಸಮ್ಮ ನೋಡುತ್ತಿದ್ದರು, ಬಾಗಿಲಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು. ಮೂಗಪ್ಪ ಒಳಗೆ ಕೂತು, ಕಣ್ಣು ಮುಚ್ಚಿ, ಗಂಭೀರವಾಗಿ ಉಸಿರೆಳೆದರು. "ಏನೂ ಇಲ್ಲಮ್ಮ," ಎಂದರು. ಅಭ್ಯಾಸಬಲ, ಇನ್ನೇನು!

ಮಧ್ಯಾಹ್ನದವರೆಗೆ ಮಗಳು ಒದ್ದಾಡಿದಳು. ತಣ್ಣಗಿದ್ದ ಎಂಜಿನ್ನಿನ ರೇಡಿಯೇಟರ್ ಬಾಯಿಗೆ ಕೈಪಂಪು ಸಿಕ್ಕಿಸಿ ಗಾಳಿ ತುಂಬಿದಳು. ಪಂಪಿನ ಮೇಲಿದ್ದ ಒತ್ತಡದ ಮುಳ್ಳು ಮೆಲ್ಲಗೆ ಇಳಿಯಿತು. ಅಂದರೆ ಎಲ್ಲೋ ತೂತು ಇರುವುದು ನಿಜ. ಪೈಪುಗಳು ಹೊರಗೆಲ್ಲ ಒಣಗಿದ್ದವು. ರೇಡಿಯೇಟರಿನ ಹೊರಗೂ ಒಣಗಿತ್ತು. ಎಂಜಿನ್ ಆಯಿಲಿನಲ್ಲಿ ನೀರಿಲ್ಲ, ಪ್ಲಗ್ಗುಗಳಲ್ಲಿ ತೇವವಿಲ್ಲ. ಗೋಡೆಯ ಮೇಲೆ ಹೊಡೆದುಹಾಕದೆ ಉಳಿದ ಸಾಲೇ ಇರಲಿಲ್ಲ.

ಅವಳ ಮುಖ ಸಣ್ಣದಾಯಿತು. "ಕಣ್ಣಿಗೆ ಕಾಣದ ಬಿರುಕು ಎಂಜಿನ್ ಒಳಗೇ ಇರಬೇಕು ಅಪ್ಪಾ. ಬಿಚ್ಚೋಣ ಅಂತ ಹೇಳಿಬಿಡ್ತೀನಿ."

ಮೂಗಪ್ಪ ಗೋಡೆ ನೋಡಿದರು. ಪ್ರತಿ ಸಾಲಿನ ಮುಂದೆಯೂ ಒಂದು ಕಾರಣ: ಇಷ್ಟು ಹೊತ್ತು ಕಾದೆ, ಬಟ್ಟೆಯಲ್ಲಿ ಒರೆಸಿದೆ, ಕನ್ನಡಿ ಹಿಡಿದು ನೋಡಿದೆ. ಹೀಟರ್ ಎಂಬ ಸಾಲಿನ ಮುಂದೆ ಮಾತ್ರ ಎರಡೇ ಪದ: 'ಅಪ್ಪ ನೋಡಿದ್ದಾರೆ.'

ಎಲ್ಲವನ್ನೂ ಪರೀಕ್ಷಿಸಿದ ಹುಡುಗಿ ಅಪ್ಪನ ಮಾತೊಂದನ್ನು ಮಾತ್ರ ಪರೀಕ್ಷಿಸಿರಲಿಲ್ಲ. ಎದ್ದು ಹೋಗಿ ಆ ಎರಡು ಪದಗಳನ್ನು ಅಂಗೈಯಿಂದ ಒರೆಸಿಹಾಕಿದರು.

"ನರ್ಸಮ್ಮ, ನೀವೂ ಕೇಳಿ. ನನ್ನ ಮೂಗು ಸತ್ತು ಒಂದು ವರ್ಷ ಆಯ್ತು. ಬೆಳಿಗ್ಗೆ ಮೂಸಿದ್ದು ಬರೀ ನಾಟಕ. ಇವಳ ಕೆಲಸದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಆ ಒಂದು ಸಾಲು ತಪ್ಪು, ಅದು ನನ್ನದು."

ಮಗಳು ಅಪ್ಪನ ಕಡೆ ತಿರುಗಿದಳು. "ಒಂದು ವರ್ಷ ಒಬ್ಬರೇ ನುಂಗಿಕೊಂಡಿದ್ರಾ?" ಎಂದಳು. ಉತ್ತರಕ್ಕೆ ಕಾಯದೆ ಕಾರಿಗೆ ನುಗ್ಗಿ, ಮುಂದಿನ ಸೀಟಿನ ಕಾಲ ಬಳಿಯ ರಬ್ಬರ್ ಮ್ಯಾಟ್ ಕಿತ್ತೆಸೆದು, ಕಾರ್ಪೆಟ್ಟಿನ ಅಡಿಗೆ ಬಿಳಿ ಬಟ್ಟೆ ಒತ್ತಿದಳು. ಬಟ್ಟೆ ಕೂಲಂಟಿನ ಹಸಿರು ಬಣ್ಣ ಹೀರಿಕೊಂಡು ಹೊರಬಂತು.

"ಸಿಕ್ಕಿತು! ಹೀಟರೇ! ಎಂಜಿನ್ ಮುಟ್ಟೋದೇ ಬೇಡ!"

ನರ್ಸಮ್ಮ ಬಗ್ಗಿ ಬಟ್ಟೆ ಮೂಸಿ ಹಣೆ ಚಚ್ಚಿಕೊಂಡರು. "ಅಯ್ಯೋ, ಇದೇ ವಾಸನೆ! ನಾನು ಕನ್ನಡಿಗೆ ನೇತುಹಾಕಿರೋ ಸೆಂಟಿನದು ಅಂದ್ಕೊಂಡಿದ್ದೆ!"

ಒಂದು ಸತ್ತ ಮೂಗು, ಒಂದು ಕಟ್ಟಿದ ಮೂಗು, ಒಂದು ಮೋಸಹೋದ ಮೂಗು. ಮೂರೂ ಸೇರಿ ಒಂದು ಒಳ್ಳೆಯ ಎಂಜಿನ್ನಿನ ಕುತ್ತಿಗೆಗೆ ಬಂದಿದ್ದವು. ಯಾರೂ ಬಿದ್ದು ಬಿದ್ದು ನಗಲಿಲ್ಲ. ಮೊದಲು ನಕ್ಕವರು ಮೂಗಪ್ಪನೇ.

ಸಂಜೆ ಹಳೇ ಗಿರಾಕಿ ಲಾರಿ ಡ್ರೈವರ್ ಬಂದ. ಅಭ್ಯಾಸದಂತೆ ಮಗಳನ್ನು ದಾಟಿಕೊಂಡು ನೇರ ಅಪ್ಪನ ಹತ್ತಿರ ಹೋದ. "ಮೂಗಪ್ಪಾ, ಏನೋ ಸುಟ್ಟ ವಾಸನೆ. ಸ್ವಲ್ಪ ಮೂಸಿ ಹೇಳಿ."

ಮೂಗಪ್ಪ ಸ್ಟೂಲಿನಿಂದ ಏಳಲಿಲ್ಲ. "ಮೂಗಿಗೆ ರಿಟೈರ್ ಆಯ್ತಪ್ಪ," ಎಂದರು. "ಅಗೋ, ಮೇಡಂ ಅಲ್ಲಿದ್ದಾರೆ. ಅವರು ಮೂಸಿ ಹೇಳೋರಲ್ಲ, ಪರೀಕ್ಷೆ ಮಾಡಿ ಹೇಳೋರು. ನನ್ನ ಮಗಳು!"

ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ. ಎದುರು ಸಾಲಿನ ಅಂಗಡಿಯವರೆಲ್ಲ ತಿರುಗಿ ನೋಡಿದರು. ಮೂಗಪ್ಪನಿಗೆ ಬೇಕಾಗಿದ್ದುದೂ ಅದೇ.