ಕಚ್ಚಾ ಹೊಲಿಗೆಯ ಬಿಳಿ ದಾರ

ಹಸಿರು ಕಾಲುಚೀಲ, ಅದೂ ಒಂದೇ ಕಾಲಿಗೆ, ಇನ್ನೊಂದು ಕಾಲಿಗೆ ಕೆಂಪು ಬಲೆ, ಬೂಟಿನ ಅಟ್ಟೆ ಇಟ್ಟಿಗೆಯಷ್ಟು ದಪ್ಪ, ಅದರ ಮೇಲೆ ಈ ಮಗು ಹೇಗೆ ನಡೆಯುತ್ತದೋ ದೇವರೇ, ನಡೆಯುವುದೇನು ಬಂತು, ಕುಣಿಯುತ್ತದೆ — ಮಿನೇಕೊಳ ಕೈಯಲ್ಲಿದ್ದ ಕ್ರೇಪ್, ಆ ಕೆನೆ ತುಂಬಿದ ಸಿಹಿ ದೋಸೆ, ಬಾಯಿಯ ಅರ್ಧ ದಾರಿಯಲ್ಲೇ ನಿಂತಿತು, ಕೆನೆ ಕರಗಿ ಮಣಿಕಟ್ಟಿಗೆ ಇಳಿಯುತ್ತಿತ್ತು, ಇಳಿಯಲಿ, ಹುಡುಗ ಹುಡುಗಿಯರು ವೇಷ ಕಟ್ಟಿ ಮೆರೆಯುವ ಈ ಹರಾಜುಕು ಬೀದಿಯ ಭಾನುವಾರಕ್ಕೆ ಎರಡು ಕಣ್ಣು ಸಾಲದು, ಅಗೋ ಆ ಹುಡುಗ, ಮೀಸೆ ಈಗಷ್ಟೇ ಚಿಗುರಿದೆ, ನೆರಿಗೆ ಲಂಗದ ಸುತ್ತ ಆಟದ ಚಹಾ ಬಟ್ಟಲು ಕಟ್ಟಿಕೊಂಡಿದ್ದಾನೆ, ಹೆಜ್ಜೆ ಇಟ್ಟರೆ ಕಿಣಿಕಿಣಿ, ಅಗೋ ಇಬ್ಬರು ಗೆಳತಿಯರು ಒಂದೇ ಸ್ವೆಟರಿನೊಳಗೆ ತೂರಿದ್ದಾರೆ, ಒಬ್ಬಳಿಗೆ ಸೀನು ಬಂದರೆ ಇಬ್ಬರೂ ಬಗ್ಗಬೇಕು, ಯಾರು ಕೊಟ್ಟರು ಇವರಿಗೆ ಇಷ್ಟೊಂದು ಧೈರ್ಯ, ತನ್ನ ಮೈಮೇಲೆ ನೋಡಿದರೆ ಅದೇ ಬೂದು ಕೋಟು, ಮಳೆಗೂ ಅದೇ ಮದುವೆಗೂ ಅದೇ, ಪಕ್ಕದ ಮನೆಯ ಯಾಸುಎ ಕೇಳುತ್ತಾಳೆ, ಅಲ್ವೇ ಮಿನೇಕೊ, ಆ ಹುಚ್ಚು ಹುಡುಗ್ರನ್ನ ನೋಡೋಕೆ ಈ ವಯಸ್ಸಲ್ಲಿ ರೈಲು ಹತ್ತಿ ಹೋಗ್ತೀಯಲ್ಲ, ನಿಂಗೇನು ಬೇರೆ ಕೆಲ್ಸ ಇಲ್ವಾ, ಇಲ್ಲ ಕಣೆ, ಇದೇ ಕೆಲ್ಸ, ಯಾರೂ ಕೇಳದಿದ್ದರೂ ಬಂದು ಇಷ್ಟು ಚೆಂದ ತೋರಿಸಿ ಹೋಗ್ತಾರಲ್ಲ, ಅವರ ಹೊಟ್ಟೆ ತಣ್ಣಗಿರ್ಲಿ. ಆದರೆ ಆ ಹಸಿರು ಕಾಲುಚೀಲದ ಮೇಲೆ ಏನದು, ಕಿಮೋನೊ, ಮಂಡಿಯವರೆಗೆ ಎತ್ತಿ ಕಟ್ಟಿದೆ, ಕೆಳಗೆ ಕಪ್ಪು ಲೇಸು ಇಣುಕುತ್ತಿದೆ, ಸೊಂಟಕ್ಕೆ ಪಟ್ಟಿಯ ಬದಲು ಯಾವುದೋ ಕಾರಿನ ಸೀಟ್ ಬೆಲ್ಟು, ಭಲೇ ಹುಡುಗಿ, ಹಳದಿ ರೇಷ್ಮೆ, ಮೈತುಂಬ ಪುಟ್ಟ ಪುಟ್ಟ ಕೊಡೆಗಳು — ಹಳದಿ, ಕೊಡೆಗಳು — ಉದ್ದ ತೋಳಿನ ಅಂಚಿನುದ್ದಕ್ಕೂ ಬಿಳಿ ದಾರ, ಕಚ್ಚಾ ಹೊಲಿಗೆಯ ಬಿಳಿ ದಾರ, ಹೊಸ ಕಿಮೋನೊದ ಅಂಚು ಮುದುರದಿರಲೆಂದು ಹಾಕಿ, ಮೊದಲ ಸಲ ಉಡುವ ಮುಂಚೆ ಎಳೆದು ತೆಗೆಯಬೇಕಾದ ದಾರ, ಅದಿನ್ನೂ ಅಲ್ಲೇ ಇದೆ.

ಅದನ್ನ ಮುಟ್ಟಬೇಡ ಅಂದಿದ್ದಳು ಅಮ್ಮ, ಸೂಜಿಯ ಮೊನೆಯನ್ನು ಕೂದಲಿಗೆ ಒಮ್ಮೆ ಒರೆಸಿ ಮತ್ತೆ ಬಟ್ಟೆಗೆ ಇಳಿಸುತ್ತಾ, ನಿಂಗೆ ಇಪ್ಪತ್ತು ತುಂಬಿದ ಹಬ್ಬದ ದಿನ ಬೆಳಿಗ್ಗೆ ನಾನೇ ಎಳೀತೀನಿ, ನೀನು ಸುಮ್ನೆ ಗೊಂಬೆ ಥರ ನಿಂತ್ಕೊ ಸಾಕು, ತೋಳಿನ ಒಳಗಿನ ಕೆಂಪು ಅಸ್ತರು ಒಂದು ಗೇಣು ಸಾಲದೆ ಬಂದಾಗ ಮಿನೇಕೊಳ ಬಾಲ್ಯದ ಬೇಸಿಗೆ ಉಡುಪಿನಿಂದ ಬಂಗಾರ ಮೀನಿನ ಚಿತ್ರವಿದ್ದ ಬಟ್ಟೆಯ ತುಂಡು ಕತ್ತರಿಸಿ ಜೋಡಿಸಿದ್ದಳು, ಯಾರಿಗೆ ಕಾಣುತ್ತೆ ಬಿಡು, ನಿಂಗೂ ನಂಗೂ ಗೊತ್ತಿದ್ರೆ ಸಾಕು, ಹಬ್ಬ ಜನವರಿಯಲ್ಲಿ, ಅಮ್ಮ ಹೋದದ್ದು ಅದರ ಹಿಂದಿನ ಡಿಸೆಂಬರಿನಲ್ಲಿ, ಸಾವಿನ ಮನೆಯಿಂದ ಯಾರು ಹಳದಿ ಉಟ್ಟು ಹೊರಡುತ್ತಾರೆ, ಆಮೇಲೆ ಮದುವೆ, ಉದ್ದ ತೋಳು ಕನ್ಯೆಯರಿಗೆ ಮಾತ್ರ, ಆಮೇಲೆ ಪೆಟ್ಟಿಗೆ, ಕರ್ಪೂರದ ವಾಸನೆ, ವರ್ಷಕ್ಕೊಮ್ಮೆ ಬಿಚ್ಚಿ ಗಾಳಿಗೆ ಹರವಿದಾಗ ಬೆರಳು ಆ ದಾರದ ಮೇಲೆ ಹೋಗುವುದು, ಎಳೆಯುವುದಿಲ್ಲ, ಎಳೆಯಬೇಕಾದ ಕೈ ಇಲ್ಲವಲ್ಲ, ಮೊನ್ನೆ ಶರತ್ಕಾಲದಲ್ಲಿ ಒಂದೇ ಕೋಣೆಯ ಮನೆಗೆ ಬಂದಾಗ ಪೆಟ್ಟಿಗೆ ಬಾಗಿಲಲ್ಲೇ ತೂರಲಿಲ್ಲ, ಹಳೇ ಬಟ್ಟೆಯವನು ರೇಷ್ಮೆಯನ್ನು ಹೆಬ್ಬೆರಳಲ್ಲಿ ತಿಕ್ಕಿ ನೋಡಿ ಅಂದ, ಈಗ ಯಾರು ಉಡ್ತಾರೆ ಅಮ್ಮಾ ಇದನ್ನೆಲ್ಲ, ಕತ್ತರಿಸಿ ದಿಂಬಿನ ಹೊದಿಕೆ ಮಾಡ್ತಾರೆ ಅಷ್ಟೇ, ಅಂದಿನಿಂದ ಎಲ್ಲಿ ದಿಂಬು ಕಂಡರೂ ಮಿನೇಕೊ ಅದರ ಹೊದಿಕೆಯಲ್ಲಿ ಹಳದಿ ಕೊಡೆ ಹುಡುಕುತ್ತಾಳೆ, ಅಮ್ಮನನ್ನೇ ಚೀಲಕ್ಕೆ ತುಂಬಿ ಕೊಟ್ಟುಬಿಟ್ಟೆನಲ್ಲ — ಈಗ ಹುಡುಗಿ ಗೆಳತಿಗೆ ಕೈ ಬೀಸಿದಳು, ತೋಳು ಮಗುಚಿತು, ಕೆಂಪು ಅಸ್ತರಿನ ತುದಿಯಲ್ಲಿ ಎರಡು ಬಂಗಾರ ಮೀನು.

ಕತ್ತರಿಸಿಲ್ಲ, ಯಾರೂ ಕತ್ತರಿಸಿಲ್ಲ, ಬಿಸಿಲಲ್ಲಿ ಕುಣಿಯುತ್ತಿದೆ, ಕೂಗಬೇಕು ಅನ್ನಿಸಿತು ಮಿನೇಕೊಗೆ, ಏನಂತ ಕೂಗುವುದು, ಬಾಯಿ ಬಿಟ್ಟರೆ ಕೆಟ್ಟೆ, ಕಿಮೋನೊ ಉಟ್ಟ ಹುಡುಗಿ ಕಂಡರೆ ಸಾಕು ಕತ್ತುಪಟ್ಟಿ ಎಳೆದು ಸರಿಮಾಡುವ ಮುದುಕಿಯರಿದ್ದಾರಲ್ಲ, ಹುಡುಗರು ಅವರನ್ನು ಕಿಮೋನೊ ಪೊಲೀಸರು ಅನ್ನುತ್ತಾರೆ, ಸ್ಟೇಷನ್ನಿನಲ್ಲಿ ಅಂಥವಳೊಬ್ಬಳ ಕೈಗೆ ಸಿಕ್ಕಿ ಒಂದು ಹುಡುಗಿ ಕಣ್ಣೊರೆಸಿಕೊಂಡು ಓಡಿದ್ದನ್ನು ನೋಡಿದ್ದಾಳೆ, ಆ ಮಗು ಮತ್ತೆ ಉಟ್ಟಿರುತ್ತದೆಯೇ, ಇಲ್ಲ, ಇವಳೂ ಮಡಿಚಿಟ್ಟುಬಿಟ್ಟರೆ, ಮತ್ತೆ ಕತ್ತಲ ಪೆಟ್ಟಿಗೆ, ಸುಮ್ಮನಿರು ಮಿನೇಕೊ, ಬಿಳಿ ದಾರ ಇದ್ದರೆ ಇರಲಿ, ಆದರೆ ಕಣ್ಣು ಕೇಳಬೇಕಲ್ಲ, ಹುಡುಗಿಯೇ ಟಕಟಕ ಹತ್ತಿರ ಬಂದಳು, ಅಜ್ಜೀ, ಆಗ್ಲಿಂದ ನೋಡ್ತಿದೀರಾ, ಏನಾದ್ರೂ ತಪ್ಪಾಗಿದ್ಯಾ, ನೀವು ಆ ಪೊಲೀಸಲ್ಲ ತಾನೇ, ಅಯ್ಯೋ ಅಲ್ಲಮ್ಮ, ತುಂಬಾ ಚೆನ್ನಾಗಿದೆ, ಎಷ್ಟು ಚೆನ್ನಾಗಿದೆ ಅಂದ್ರೆ ನನ್ ಕ್ರೇಪೆಲ್ಲಾ ಕೈಮೇಲಿದೆ ನೋಡು, ಹುಡುಗಿ ನಕ್ಕಳು, ನಾನು ನಾಗಿಸಾ, ನಂಗೆ ಇದ್ರಲ್ಲಿ ಎಲ್ಲಕ್ಕಿಂತ ಈ ಬಿಳಿ ಹೊಲಿಗೆ ಇಷ್ಟ ಅಜ್ಜಿ, ಎಂಥಾ ಡಿಸೈನ್ ಅಲ್ವಾ, ಇದನ್ನ ನೋಡ್ಕೊಂಡು ನಾನೂ ಹಾಕಿದೀನಿ, ಇಲ್ನೋಡಿ, ಟೋಪಿಯ ಅಂಚಿಗೆ, ಚೀಲದ ಸುತ್ತ, ಕೈಗವಸಿಗೂ, ಕಿತ್ತಳೆ ಬಣ್ಣದ ದಾರದಲ್ಲಿ ಸೊಟ್ಟಸೊಟ್ಟ ಕಚ್ಚಾ ಹೊಲಿಗೆ, ಒಂದು ಉದ್ದ ಒಂದು ಗಿಡ್ಡ, ಅಮ್ಮನ ಹೊಲಿಗೆಯ ಲೆಕ್ಕವನ್ನೇ ನೋಡಿ ಇಳಿಸಿದ್ದಾಳೆ, ಮಿನೇಕೊಗೆ ನಗು ಉಕ್ಕಿತು, ನಗು ಎಲ್ಲಿ ಮುಗಿದು ಅಳು ಎಲ್ಲಿ ಸುರುವಾಯಿತೋ ತಿಳಿಯಲಿಲ್ಲ, ಅದು ಡಿಸೈನಲ್ಲ ಕಣಮ್ಮ, ಮೊದಲ ಸಲ ಉಡೋವಾಗ ತೆಗೀಬೇಕು, ನಾಗಿಸಾ ಬಾಯಿ ಮುಚ್ಚಿಕೊಂಡಳು, ಅಯ್ಯಯ್ಯೋ, ಬೆಲೆಚೀಟಿ ತೆಗೀದೆ ಬೀದಿಗೆ ಬಂದ ಹಾಗಾಯ್ತಲ್ಲ, ಹೂಂ, ಹೆಚ್ಚುಕಮ್ಮಿ ಹಾಗೇ, ಇಬ್ಬರೂ ನಕ್ಕರು, ಆಮೇಲೆ ಹುಡುಗಿ ತೋಳನ್ನೇ ನೋಡುತ್ತಾ ನಿಂತಳು, ಅಂದ್ರೆ ಇದನ್ನ ಯಾರೂ ಉಟ್ಟೇ ಇಲ್ವಾ, ಇಲ್ಲ, ನೀನೇ ಮೊದಲು, ಪಾಪ ಅಜ್ಜಿ, ಹೊಲ್ದೋರು ಎಷ್ಟು ಕಾದಿರ್ಬೇಕು.

ಹೇಳಿಬಿಡಲೇ, ಹೊಲಿದವಳು ನನ್ನಮ್ಮ, ಕಾದದ್ದು ನನಗೆ ಅಂತ, ನಾಲಿಗೆಯ ತುದಿಗೆ ಬಂದಿತ್ತು, ಹೇಳಿದರೆ ಈ ಒಳ್ಳೆಯ ಮಗು ಇಲ್ಲೇ ಬೀದಿಯಲ್ಲೇ ಬಿಚ್ಚಿ ಕೈಗಿಡುತ್ತದೆ, ಬೇಡ, ಅವಳ ಮೈಮೇಲೇ ಇರಲಿ, ನೀವೇ ತೆಗೀತೀರಾ ಅಜ್ಜಿ, ನಂಗೆ ರೇಷ್ಮೆ ಹರಿದುಬಿಟ್ರೆ ಅಂತ ಭಯ, ಅಂದಳು ನಾಗಿಸಾ, ಕೊರಳ ಸರದಲ್ಲಿ ನೇತಾಡುತ್ತಿದ್ದ ಮಕ್ಕಳ ಕತ್ತರಿಯನ್ನು ಕಳಚಿ ಕೊಟ್ಟಳು, ಅದು ನಿಜವಾಗಿ ಕತ್ತರಿಸುತ್ತದೆ ಬೇರೆ, ಮಿನೇಕೊ ಕೈಯನ್ನು ಕರವಸ್ತ್ರಕ್ಕೆ ಒರೆಸಿ, ಮತ್ತೊಮ್ಮೆ ಒರೆಸಿ, ನೀನು ಸುಮ್ನೆ ಗೊಂಬೆ ಥರ ನಿಂತ್ಕೊ ಸಾಕು, ಅಂದದ್ದು ತಾನೋ ಅಮ್ಮನೋ, ಗಂಟು ಕತ್ತರಿಸಿದಳು, ಎಳೆದಳು, ಅಷ್ಟು ವರ್ಷ ಕೂತಿದ್ದ ದಾರ ಒಂದು ಚೂರೂ ಹಟ ಮಾಡದೆ ಬಂತು, ಎಡ ತೋಳು, ಬಲ ತೋಳು, ಕೆಳಗಿನ ಅಂಚು, ರೇಷ್ಮೆಯ ಅಂಚು ಸಡಿಲಗೊಂಡು ಇಳಿಬಿತ್ತು, ವಾವ್, ಈಗ ಉಸಿರಾಡ್ತಿದೆ ಅಲ್ವಾ ಅಜ್ಜಿ, ಹೌದಮ್ಮ, ಇದನ್ನ ಉಟ್ಟಿದ್ದಕ್ಕೆ ತುಂಬಾ ಉಪಕಾರ ಆಯ್ತು, ನಂಗ್ಯಾಕೆ ಉಪಕಾರ, ನೀವೊಬ್ರು, ಮುಂದಿನ ವಾರ ಇದಕ್ಕೆ ರೆಕ್ಕೆ ಹಚ್ಚಿಸ್ತೀನಿ, ಬಂದು ನೋಡ್ಬೇಕು ಆಯ್ತಾ, ತಲೆಬಾಗಿ ವಂದಿಸಿ ಹೊರಟಳು, ಕೊಡೆಗಳು ಜನರ ನಡುವೆ ಕಂಡವು, ಕಂಡವು, ಕಾಣದಾದವು, ಅಮ್ಮಾ, ಉಟ್ಟರು ಅಮ್ಮಾ, ನಾನಲ್ಲದಿದ್ದರೇನಂತೆ, ಅಂಗೈಯಲ್ಲಿ ಬಿಳಿ ದಾರ, ಹೊಲಿಗೆ ಬಿಚ್ಚಿದರೂ ನೆಟ್ಟಗಾಗದ ದಾರ, ಸೂಜಿ ಹೋದ ಹೋದಲ್ಲಿ ಬಾಗಿ, ಒಂದು ಉದ್ದ, ಒಂದು ಗಿಡ್ಡ, ಮಿನೇಕೊ ಎರಡೂ ತುದಿ ಹಿಡಿದು ಎಳೆದಳು, ನೆಟ್ಟಗಾಯಿತು, ಬಿಟ್ಟಳು, ಮತ್ತೆ ಅದೇ ಬಾಗು, ಒಂದು ಉದ್ದ, ಒಂದು ಗಿಡ್ಡ, ಒಂದು ಉದ್ದ —