ಡಬ್ಬಿ ಹಾಲಿನ ಡಬ್ಬಾಳಿಕಿ

ಯಂಕಮ್ಮಗ ಸಿಟ್ಟು ಬಂದ್ರ ಮೊದಲ ಕಿವಿ ಬಿಸಿ ಆಗ್ತಿದ್ವು. ಅವತ್ತ ಕಿವಿ ಅಷ್ಟ ಅಲ್ಲ, ಕುಬಸಾನೂ ಬಿಸಿ ಆಗಿತ್ತು. ಹಾಲು ತುಂಬಿ ಎದಿ ಕಲ್ಲಾಗಿತ್ತು. ಕುಬಸ ತೊಯ್ದು, ಸೆರಗು ತೊಯ್ದು, ಸೆರಗಿಗೆ ಹತ್ತಿದ ಹತ್ತಿ ಎಳಿ ಎಲ್ಲಾ ಮುದ್ದಿ ಆಗಿದ್ವು. ಎದುರಿಗೆ ಗಿರಣಿ ಗಾಲಿ ಗರ್ ಅಂತ ತಿರಗತಿತ್ತು. ಅದರ ಬಾಯಿಗೆ ಆಕಿ ಹಿಡಿ ಹಿಡಿ ಹತ್ತಿ ಉಣಸಾಕತ್ತಿದ್ಲು. ಗೋಡಿ ಆ ಕಡೆ, ಕೀಲಿ ಹಾಕಿದ ಖೋಲ್ಯಾಗ, ಆಕಿ ಐದು ತಿಂಗಳ ಮಗಳು ಹುಲಿಗಿ ಅಳಾಕತ್ತಿತ್ತು.

"ಕಬ್ಬಿಣಕ್ಕ ಹೊಟ್ಟಿ ತುಂಬ ಉಣಸಬೇಕು, ಹಡದ ಕೂಸಿಗೆ ಉಣಸಬಾರದು. ಯಾವ ಭಾಡ್ಯಾ ಮಾಡಿದ ಖಾಯಿದೆ ಬೇ ಇದು?" ಅಂದ್ಲು, ಬಾಜೂಕ ಕುಂತ ಬಸ್ಸಮ್ಮಗ.

ಬಸ್ಸಮ್ಮ ಗಿರಣಿ ಚಾಲೂ ಆದಾಗಿಂದ ಅಲ್ಲೇ ಕುಂತು ಮುದುಕಿ ಆದಾಕಿ. "ಮೆಲ್ಲಕ ಮಾತಾಡವ್ವ, ಹಿಂದ ಮುಕದ್ದಮ ನಿಂತಾನ," ಅಂದ್ಲು.

ಕೂಲಿಯವರ ಮ್ಯಾಲ ಕಣ್ಣಿಡೋ ಮುಕದ್ದಮ ಜಿಲಾನಿಸಾಬ್ ಕೆಮ್ಮಿದ. "ಖಾಯಿದೆ ಮಾಡಿದಾಂವ ನಾ ಅಲ್ಲಬೇ ಯಂಕಮ್ಮ. ನಾ ಬರೇ ಬಯ್ಯಾಕ ಇರೋನು. ಕೈ ನಿಂದರಸಬ್ಯಾಡ, ಇವತ್ತ ಸಾಹೇಬ್ರು ಬರ್ತಾರ."

ಖಾಯಿದೆ ಮಾಡಿದಾಂವ ಸೂಗಪ್ಪ ಸಾಹುಕಾರ. ಹಣಿ ತುಂಬ ವಿಭೂತಿ, ತಲಿ ತುಂಬ ವಿಲಾಯಿತಿ. ಸಿಂಧನೂರಾಗ, ಮಸ್ಕಿ ದಾರಿಗೆ ಇರೋ ಈ ಹತ್ತಿ ಗಿರಣಿ ಅವಂದ. ಹೋದ ವರ್ಷದ ತನಕ ಕೂಲಿ ಹೆಣ್ಮಕ್ಕಳು ಗಿರಣಿ ಮುಂದಿನ ಬೇವಿನ ಗಿಡಕ್ಕ ಹಳೇ ಸೀರಿ ಜೋಳಿಗಿ ಕಟ್ಟಿ ಕೂಸು ಮಲಗಸ್ತಿದ್ರು. ಕೂಸು ಅತ್ರ ತಾಯಿ ಏಳಬೇಕು, ಹೋಗಿ ಮೊಲಿ ಕೊಟ್ಟು ಬರಬೇಕು. ಯಾರದಾ ಕೂಸು ಅತ್ರೂ ಅದು ಸಾಹುಕಾರಗ ತನ್ನ ಗಾಲಿ ಅತ್ತಂಗ ಕೇಳಸ್ತಿತ್ತು. ಅಷ್ಟರಾಗ ಅವಗ ಎರಡನೇ ಇಂಜಿನ್ ಕುಂದರಸಾಕ ನಿಜಾಮ ಸರಕಾರದ ಪರವಾನಗಿ ಬೇಕಾತು. ದೊಡ್ಡ ಗಿರಣಿಗಳಾಗ ಕೂಸಿಗೆಂತ ಬ್ಯಾರೆ ಖೋಲಿ ಇರ್ತಾವು, ಅಂಥಾದ್ದೊಂದು ಇಟ್ರ ಮುಆಯಿನಾಕ್ಕ, ಅಂದ್ರ ತಪಾಸಣಿಗೆ, ಬರೋ ಸರಕಾರಿ ಸಾಹೇಬ್ರು ಖುಷಿ ಆಗ್ತಾರ ಅಂತ ಯಾರೋ ಕಿವಿ ಊದಿದ್ರು. ಒಂದ ಕಲ್ಲಿಗೆ ಎರಡು ಹಕ್ಕಿ. ಹತ್ತಿಕಾಳು ತುಂಬೋ ಗೋದಾಮು ಖಾಲಿ ಮಾಡಿಸಿ, ಸುಣ್ಣ ಬಳಿಸಿ, ತೊಟ್ಟಿಲು ತೂಗುಬಿಟ್ಟು, ಬಾಗಲ ಮ್ಯಾಲ 'ಕೂಸಿನ ಮನಿ' ಅಂತ ಉರ್ದೂದಾಗ ಒಮ್ಮೆ, ಕನ್ನಡದಾಗ ಒಮ್ಮೆ ಬರಿಸಿದ. ಎರಡೂ ಓದಾಕ ಬರದವರ ಕೂಸು ಒಳಗ ಹೋದ್ವು. ಹೊರಗ ಕೀಲಿ ಬಿತ್ತು.

"ಕೀಲಿ ಯಾಕ್ರಿ ಸಾಹುಕಾರ್ರ? ಕೂಸು ಓಡಿ ಹೋಗ್ತಾವೇನು?" ಅಂತ ಬಸ್ಸಮ್ಮ ಕೇಳಿದ್ಲು.

"ಕೀಲಿ ಕೂಸಿಗಲ್ಲಬೇ, ನಿಮಗ," ಅಂದಿದ್ದ ಸೂಗಪ್ಪ. ಅಪರೂಪಕ್ಕ ಖರೇ ಮಾತಾಡಿದ್ದ.

ಒಳಗಿನ ಕೂಸಿಗೆ ಏನ ತಿನಸಬೇಕು ಅನ್ನೋದಕ್ಕ ಸಾಹುಕಾರನ ಪಡಸಾಲ್ಯಾಗ ಒಂದು ಮಜಲಿಸ್ ಕೂಡ್ತು. ಹಾಲಿನ ಪಂಚಾಯ್ತಿ ಅಂದ್ರು. ಆಗಿದ್ದು ಹಾಳು ಪಂಚಾಯ್ತಿ. ಆ ಹೊತ್ತಿನ್ಯಾಗ ಯಂಕಮ್ಮ ಅಂಗಳದಾಗ ಕಾಳು ಹಸನ ಮಾಡಾಕತ್ತಿದ್ಲು, ಎಲ್ಲಾ ಕಿವಿಗೆ ಬಿತ್ತು. ಡಬ್ಬಿ ಹಾಲಿನ ಪುಡಿ ಕಲಿಸಿ ಕೊಡಬೇಕು ಅಂದ ಸೂಗಪ್ಪ. ವಿಲಾಯಿತಿ ಕೂಸು ಅದನ್ನ ಕುಡದ ಕೆಂಪಗ ಆಗ್ಯಾವಂತ. ಸಾಹುಕಾರನ ಹೆಂಡತಿ ಅಂಬಮ್ಮ ಮೂಗು ಮುರದ್ಲು. "ಯಾವ ದೇಶದ ಯಾವ ಪ್ರಾಣಿದೋ ಏನೋ. ಬ್ಯಾಡ. ಅಕ್ಕಿ ಗಂಜಿ ತಿಳಿ ಕೊಡ್ರಿ, ಕಣ್ಣು ಮುಚ್ಚಿ ಮಲಗತಾವು." ಊರ ವೈದ್ಯ ಅಮರಗುಂಡಪ್ಪಗ ಎರಡೂ ಸರಿ ಬರಲಿಲ್ಲ. ಬೆಲ್ಲದ ನೀರಾಗ ಬಜಿ ಬೇರು ತೇಯ್ದು ಕೊಟ್ರ ವಾತ, ಪಿತ್ತ, ಕಫ ಮೂರೂ ಸಲಾಂ ಹೊಡಿತಾವು ಅಂತ ಅವನ ತಕರಾರು. ಗಂಡ ಹೆಂಡತಿಗೆ ದಡ್ಡಿ ಅಂದ. ಹೆಂಡತಿ ಗಂಡಗ ಡಬ್ಬಿ ಅಂದ್ಲು. ವೈದ್ಯ ಇಬ್ಬರಿಗೂ ಪಥ್ಯ ಹೇಳಿದ. ಕಡೀಕ ಯಾರೂ ಸೋಲಲಿಲ್ಲ. ಅವತ್ತ ಮುಂಜಾನಿ ಯಾರ ದನಿ ಜೋರು ಇರತೈತೋ ಅವರ ಮಾತು ನಡಿತಿತ್ತು. ಒಂದಿನ ಡಬ್ಬಿ, ಒಂದಿನ ಗಂಜಿ, ಒಂದಿನ ಬಜಿ. ಹಿರೇರು ಜಗಳಾಡಿದ್ದು ಪಡಸಾಲ್ಯಾಗ, ಜಗಳ ನಡದಿದ್ದು ಕೂಸಿನ ಹೊಟ್ಟ್ಯಾಗ.

"ತಾಯಿ ಹಾಲು ಕೊಟ್ರ ಹ್ಯಾಂಗ್ರಿ?" ಅಂತ ಯಂಕಮ್ಮ ಅಂಗಳದಿಂದಾನ ಕೇಳಿದ್ದಕ್ಕ ಮೂವರೂ ಮೊದಲ ಸಲ ಒಂದಾದ್ರು.

"ಗಾಲಿ ನಿಂದರತಾವು," ಅಂದ ಸೂಗಪ್ಪ.

"ಬೆವತ ಮೈ, ಹೊಲಸು ಸೆರಗು. ಸುಣ್ಣ ಬಳದ ಮನ್ಯಾಗ ಬ್ಯಾಡ," ಅಂದ್ಲು ಅಂಬಮ್ಮ.

"ದುಡಿಯೋ ಹೆಂಗಸಿನ ಹಾಲು ಗಿರಣಿ ಝಳಕ್ಕ ಕಾದಿರತೈತಿ. ಕುಡದ್ರ ಕೂಸಿನ ಕರಳು ಸುಡತಾವು. ಅದು ಹಾಲಲ್ಲವ್ವ, ವಿಷ," ಅಂದ ಅಮರಗುಂಡಪ್ಪ.

ಕುಡಸೋ ಪುಣ್ಯದ ಕೆಲಸ ಅಂಬಮ್ಮ ತಾನ ಹೊತ್ಗೊಂಡ್ಲು. ಆದ್ರ ಆ ಕೂಸಿನ್ನ ಮುಟ್ಟಿದ್ರ ಮೈಲಿಗಿ. ಮತ್ತ ಜಳಕ, ಮತ್ತ ಲಿಂಗಪೂಜಿ. ಅದಕ್ಕ ಉದ್ದಂದು ಹತ್ತಿ ಬತ್ತಿ ಹೊಸೆದು, ಹಾಲಾಗ ಅದ್ದಿ, ತೊಟ್ಟಿಲದ ಮ್ಯಾಲ ಮೊಳ ಎತ್ತರಕ್ಕ ಹಿಡದು ತೊಟ್ಟು ತೊಟ್ಟು ಬಿಡ್ತಿದ್ಲು. ಬಾಯಾಗ ಬಿದ್ದಿದ್ದು ಕೂಸಿಂದು. ಬಾಕಿ ಮೂಗಿಗೆ, ಕಿವಿಗೆ, ಕುತ್ತಿಗಿ ಸಂದಿಗೆ, ಇರವಿಗೆ.

ಹುಲಿಗಿಗೆ ಭೇದಿ ಹತ್ತಿತು. ಸಂಜಿಕ ಮನಿಗೆ ಒಯ್ದು ಎದಿಗೆ ಹಚ್ಚಿದ್ರ ಜಗ್ಗಾಕ ತ್ರಾಣ ಇರ್ತಿರಲಿಲ್ಲ. ನಾಕು ಸಲ ಚೀಪಿ ಕಣ್ಣು ತೇಲಸ್ತಿತ್ತು. ಮೊನ್ನಿ ರಾತ್ರಿ ಅಂತೂ ಅಳೋವಾಗ ಕಣ್ಣಾಗ ನೀರ ಬರಲಿಲ್ಲ. ನಿನ್ನಿ ಯಂಕಮ್ಮ ಕೆಲಸದ ನಡುವ ಎದ್ದು ಹೋಗಿ ಕೂಸಿನ ಮನಿ ಬಾಗಲ ಬಡದ್ಲು. ಸೂಗಪ್ಪ ಬಂದು ಹೇಳಿದ: "ಜಾಗಾ ಬಿಟ್ಟು ಎದ್ದವರು ನಾಳಿ ಬರಬ್ಯಾಡ್ರಿ. ದಢೇಸುಗೂರಿಂದ ಬಳಗಾನೂರ ತನಕ ಕೂಲಿಗೆ ಹೆಣ್ಮಕ್ಕಳು ಸಾಲಗಟ್ಟಿ ನಿಂತಾರ." ಗಂಡ ಹುಸೇನಪ್ಪ ಸಡಕಿಗೆ ಕಲ್ಲು ಒಡಿಯಾಕ ಲಿಂಗಸುಗೂರು ಕಡೆ ಹೋಗ್ಯಾನ, ಸುದ್ದಿ ಇಲ್ಲ. ಕೂಲಿ ಬಿಟ್ರ ತಾಯಿ ಹೊಟ್ಟಿ ಬತ್ತತೈತಿ, ತಾಯಿ ಬತ್ತಿದ್ರ ಎದಿ ಬತ್ತತೈತಿ. ಕೂಲಿ ಹಿಡದ್ರ ಕೂಸು ಬತ್ತತೈತಿ. ಇಡೀ ರಾತ್ರಿ ಆಕಿ ಹಲ್ಲು ಕಡದಿದ್ಲು.

ಈಗ ಗೋಡಿ ಆ ಕಡೆ ಅಳು ಸಣ್ಣ ಆಗಾಕತ್ತಿತ್ತು. ಕೂಸು ಸಮಾಧಾನ ಆದ್ರೂ ಸಣ್ಣ ಅಳತೈತಿ, ಸಾಯಾಕ ಬಂದ್ರೂ ಸಣ್ಣ ಅಳತೈತಿ. ಯಂಕಮ್ಮ ಏಳಬೇಕಂತ ಮಣಕಾಲಿಗೆ ಕೈ ಕೊಟ್ಲು. ಅಷ್ಟರಾಗ ಸಾಹೇಬ್ರು ಬಂದ್ರು.

ಕರೇ ಶೇರವಾನಿ, ಕೆಂಪು ಟೊಪಗಿ, ಹಿಂದ ಸೂಗಪ್ಪ, ಅವನ ಹಿಂದ ಅಮರಗುಂಡಪ್ಪ. ಸಾಹೇಬ್ರಿಗೆ ಕನ್ನಡ ಬರ್ತಿರಲಿಲ್ಲ. ಸೂಗಪ್ಪಗ ಉರ್ದು ಅರ್ಧಮರ್ಧ. ಬಾಕಿ ಅರ್ಧ ನಗತಿದ್ದ. ಸಾಹೇಬ್ರು ಒಂದು ಗಾಲಿಗೆ ಬಗ್ಗಿ ಹಲ್ಲು ನೋಡಿದ್ರು, ದನಾ ಕೊಳ್ಳೋರ ಗತೆ. ಗಾಲಿಯಿಂದ ಹತ್ತಿಕಾಯಿ ಸಿಪ್ಪಿ ಚೂರೊಂದು ಚಟ್ ಅಂತ ಸಿಡದು ಹೋಗಿ ಅವರ ಕಣ್ಣಾಗ ಕುಂತಿತು.

"ಅರೇ! ಮೇರಿ ಆಂಖ್!"

ಸಾಹೇಬ್ರು ಕುಣದ್ರು. ಸೂಗಪ್ಪ ಕಣ್ಣಿಗೆ ನೀರು ಗೊಜ್ಜಿದ. ಇನ್ನಾ ಉರೀತು. ಧೋತರದ ತುದಿ ತಿರುವಿ ತಗಿಯಾಕ ಹೋದ. ಸಾಹೇಬ್ರು ಅವನ ಕೈ ಮ್ಯಾಲ ಹೊಡದ್ರು. ಪರವಾನಗಿ ಕಣ್ಣೀರಿನ್ಯಾಗ ಹರಕೊಂಡು ಹೋಗೋದು ಕಂಡ ಸೂಗಪ್ಪ, "ಪಂಡಿತರ, ಏನರ ಮಾಡ್ರಿ!" ಅಂತ ಚೀರಿದ.

ಅಮರಗುಂಡಪ್ಪ ಗಂಟಲ ಸರಿ ಮಾಡಿಕೊಂಡ. "ಕಣ್ಣಾಗ ಕಸ ಬಿದ್ರ ತಾಯಿ ಹಾಲ ಮದ್ದು. ಗಂಡಸಿನ ಕಣ್ಣಿಗೆ ಹೆಣ್ಣು ಹಡದಾಕಿ ಹಾಲು ಆಗಬೇಕು. ನಾಕು ಹನಿ ಬಿಟ್ರ ಕಸ ತಾನ ತೇಲಿ ಬರತೈತಿ."

ಇದು ಅವನ ಸ್ವಂತದ್ದಲ್ಲ, ಆ ಸೀಮ್ಯಾಗ ಎಲ್ಲರೂ ಮಾಡೋದ. ಜಿಲಾನಿಸಾಬ್ ಸಾಲಿನ ಕಡೆ ನೋಡಿದ. ಸಾಲಿನ್ಯಾಗ ಮೊಲಿ ಕುಡಿಸೋ ಬಾಕಿ ತಾಯಂದಿರೆಲ್ಲ ಗಂಡು ಹಡದವರು. ಎಲ್ಲಾರ ಕಣ್ಣು ಯಂಕಮ್ಮನ ಮ್ಯಾಲ ಬಂತು. ಹೆಣ್ಣು ಹಡದಿದ್ದಕ್ಕ ಆಕಿಗೆ ಮೊದಲ ಸಲ ಮರ್ಯಾದಿ ಸಿಕ್ತು.

ಚೀರಾಟ ಕೇಳಿ ಬಂದಿದ್ದ ಅಂಬಮ್ಮ ಓಡೋಡಿ ಮನಿಯಿಂದ ಬೆಳ್ಳಿ ಬಟ್ಟಲ ತಂದ್ಲು. "ಹಿಡೀ ಯಂಕಮ್ಮ. ಜಲ್ದಿ ಹಿಂಡು."

"ನಾ ಮುಟ್ಟಿದ್ರ ಬಟ್ಟಲ ಮೈಲಿಗಿ ಆಗಂಗಿಲ್ಲೇನ್ರಿ?"

"ಆಮ್ಯಾಲ ವಿಭೂತಿ ಹಚ್ಚಿ ತಿಕ್ಕತೀನಿ, ನೀ ಹಿಡಿ."

"ನನ್ನ ಮಗಳಿಗೂ ಒಂದೀಟು ವಿಭೂತಿ ಹಚ್ಚಿ ಮುಟ್ಟಬೇಕಿತ್ತಲ್ರಿ!" ಅಂದ್ಲು ಯಂಕಮ್ಮ. ಕಿವಿ ಕೆಂಡ ಆಗಿದ್ವು. ವೈದ್ಯನ ಕಡೆ ತಿರಗಿದ್ಲು. "ಪಂಡಿತರ, ಈ ಹಾಲು ಕಾದೈತಿ, ವಿಷ ಅಂದಿದ್ರಿ. ನನ್ನ ಕೂಸಿನ ಕರಳು ಸುಡೋದು ಸಾಹೇಬ್ರ ಕಣ್ಣು ಸುಡಂಗಿಲ್ಲೇನು?"

"ಹೊಟ್ಟಿ ಶಾಸ್ತ್ರ ಬ್ಯಾರೆ, ಕಣ್ಣಿನ ಶಾಸ್ತ್ರ ಬ್ಯಾರೆ ಇರತೈತವ್ವ. ಕಣ್ಣಿಗೆ ಇದು ಅಮೃತ. ತಂಪು."

"ನಿಮ್ಮ ಬಾಯಿ ಶಾಸ್ತ್ರಕ್ಕ ಬೆಂಕಿ ಹಚ್ಚಲಿ. ಬಡವರ ಹೊಟ್ಟಿಗೆ ವಿಷ, ಸಾಹೇಬ್ರ ಕಣ್ಣಿಗೆ ಅಮೃತ! ಒಂದ ಎದಿಯಾಗ ಎರಡು ಬಾವಿ ತೋಡಸಿಟ್ಟೀನೇನು ನಾ?"

ಬಸ್ಸಮ್ಮ ಹಿಂದಿಂದ ಸೆರಗು ಜಗ್ಗಿದ್ಲು. "ಕಣ್ಣಿಂದು ಕೆಲಸವ್ವ. ಕೊಟ್ಟುಬಿಡು."

"ಕೊಡಂಗಿಲ್ಲ ಅಂದೀನೇನಬೇ? ಕೀಲಿ ತಗೀರಿ. ಮೊದಲ ನನ್ನ ಕೂಸು."

"ಮೊದಲ ಕಣ್ಣು!" ಅಂದ ಸೂಗಪ್ಪ.

"ಮೊದಲ ಬಾಯಿ."

"ಕ್ಯಾ ತಕರಾರ್ ಹೈ?" ಅಂತ ಸಾಹೇಬ್ರು ಒದರಿದ್ರು. ಸೂಗಪ್ಪ ಬಾಯಿ ತಗಿಯೋದರಾಗ ಜಿಲಾನಿಸಾಬ್ ಕೂಸಿನ ಹಸಿವಿ ಹೇಳಿಬಿಟ್ಟ: "ಸಾಬ್, ಬಚ್ಚೀ ಭೂಖೀ ಹೈ. ಪಹಲೇ ಬಚ್ಚೀ ಕೋ ಪಿಲಾತೀ ಬೋಲ್ತೀ."

"ತೋ ಪಿಲಾನೇ ದೋ! ಜಲ್ದಿ!"

ಕುಡಸಾಕ ಬಿಡು ಅಂದಿದ್ದು ಕೂಸಿನ ಮ್ಯಾಲಿನ ಕರುಣಿಗೆ ಅಲ್ಲ, ಕಣ್ಣಿನ ಉರಿಗೆ. ಯಾವ್ದಾದ್ರೇನು, ಕೀಲಿ ಬಿಚ್ಚಿತು.

ಒಳಗ ಹುಳಿ ವಾಸನಿ ಹೊಡಿತಿತ್ತು. ಹುಲಿಗಿ ಕಿವಿ ಹಿಂದ ಡಬ್ಬಿ ಹಾಲು ಹೆಪ್ಪುಗಟ್ಟಿ ಹಕ್ಕಳಿ ಆಗಿತ್ತು, ಕುತ್ತಿಗಿ ಸಂದ್ಯಾಗ ಇರವಿ ಕಚ್ಚಿ ಕೆಂಪು ಬೊಕ್ಕಿ. ಯಂಕಮ್ಮ ಎತ್ತಿಕೊಂಡ್ಲು. ಹತ್ತಿ ಹಿಡದಷ್ಟ ಹಗರ ಇತ್ತು. ಗೋಡಿಗೆ ಆತು ಕುಂತು ಎದಿಗೆ ಹಚ್ಚಿದ್ಲು. ಕೂಸು ಬಾಯಿ ತೆರೀಲಿಲ್ಲ. ಹಿಂಡಿ ತುಟಿಗೆ ಬಿಟ್ಲು. ನುಂಗಲಿಲ್ಲ, ಗಲ್ಲದ ಮ್ಯಾಲ ಹರದು ಹೋತು.

"ಕುಡೀ ನನ್ನವ್ವ. ಕುಡೀ. ಕುಡೀಲಿಲ್ಲ ಅಂದ್ರ ಈ ಮನಿ ಸುಟ್ಟು ಬೂದಿ ಮಾಡ್ತೀನಿ ನೋಡು," ಅಂದ್ಲು. ಕೂಸಿಗೆ ಹೇಳಿದ್ಲೋ ಬಾಗಲದಾಗ ನಿಂತವರಿಗೆ ಹೇಳಿದ್ಲೋ. ಅಂಬಮ್ಮ ಎರಡು ಹೆಜ್ಜಿ ಹಿಂದ ಸರದ್ಲು.

ಮತ್ತ ಹಿಂಡಿದ್ಲು, ನಾಲಿಗಿ ಮ್ಯಾಲ. ಹುಲಿಗಿ ಗಂಟಲ ಒಮ್ಮೆ ಮ್ಯಾಲ ಕೆಳಗ ಆತು. ಆಮ್ಯಾಲ ಬಾಯಿ ಹುಡುಕಾಡಿತು. ಆಮ್ಯಾಲ ಹಿಡೀತು. ಹಿಡದಿದ್ದ ಏನು, ವಸಡು ನಟ್ಟಂಗ ಹಿಡೀತು. ಯಂಕಮ್ಮಗ ಉಸಿರು ಬಂದಿದ್ದು ಆವಾಗ.

ಒಂದು ಕಡೆ ಕೂಸು ಜಗ್ಗಿದ್ರ ಇನ್ನೊಂದು ಕಡೆ ಹಾಲು ತಾನ ಸುರೀತು. ಅಂಬಮ್ಮ ಬಗ್ಗಿ, ಮುಟ್ಟಲಾರದಂಗ, ತುದಿ ಬೆರಳಿನ್ಯಾಗ ಬಟ್ಟಲ ಒಡ್ಡಿದ್ಲು. ಕುಬಸದ ತುದಿಯಿಂದ ತೊಟ್ಟು ತೊಟ್ಟು ಬೀಳೋದನ್ನ ಹಿಡಕೊಂಡು ಹೊರಗ ಓಡಿದ್ಲು. ಜಿಲಾನಿಸಾಬ್ ಸಾಹೇಬ್ರ ತಲಿ ಹಿಡದ. ವೈದ್ಯ ಹನಿ ಬಿಟ್ಟ. ಸಿಪ್ಪಿ ಚೂರು ರೆಪ್ಪಿ ಅಂಚಿಗೆ ಬಂತು.

ಸಾಹೇಬ್ರು ಕಣ್ಣು ಪಿಳಿಪಿಳಿ ಮಾಡಿ ಕೂಸಿನ ಮನಿ ತೆರದ ಬಾಗಲದಿಂದ ಒಳಗ ಹಣಿಕಿ ಹಾಕಿದ್ರು. ಸುಣ್ಣದ ಗೋಡಿ ನೋಡಿದ್ರು, ಸಾಲಿಗೆ ಇಟ್ಟ ಡಬ್ಬಿ ನೋಡಿದ್ರು. "ಬಹುತ್ ಉಮದಾ ಇಂತಜಾಮ್," ಅಂದ್ರು. "ಡಬ್ಬೇ ಕಾ ದೂಧ್ ಜಾರೀ ರಖೋ." ವ್ಯವಸ್ಥಾ ಭಾಳ ಚಂದ ಐತಿ, ಡಬ್ಬಿ ಹಾಲು ಹಿಂಗ ನಡೀಲಿ ಅಂತ. ಕಸ ಹೋಗಿತ್ತು, ಕಣ್ಣು ಹಂಗ ಇತ್ತು. ಕೂಸಿನ ಕಡೆ, ತಾಯಿ ಕಡೆ ಒಂದ್ಸಲ ತಿರುಗಿ ನೋಡಲಾರದ ಮೋಟಾರ ಹತ್ತಿದ್ರು.

ಸೂಗಪ್ಪ ಕಳಿಸಿ ಬಂದ. ಪರವಾನಗಿ ಸಿಕ್ಕಂಗ ಮುಖ ಅರಳಿತ್ತು. ಕೂಸಿನ ಮನ್ಯಾಗ ಹೊಕ್ಕು ನೋಡಿ ಮುದುಡಿತು. ಯಂಕಮ್ಮ ಒಬ್ಬಾಕಿ ಅಲ್ಲ. ಬಾಗಲ ತೆರದಿದ್ದು ಕಂಡು ಸಾಲಿನ ತಾಯಂದಿರೆಲ್ಲ ಒಳಗ ಬಂದು, ತಮ್ಮ ತಮ್ಮ ಕೂಸು ತಗೊಂಡು, ಗೋಡಿಗುಂಟ ಕುಂತಿದ್ರು. ಅವರ ಹಿಂದ ಬಸ್ಸಮ್ಮ, ಕೂಸಿಲ್ಲದಾಕಿ, ಡಬ್ಬಿ ಹಾಲಿನ ಗಡಿಗಿ ಎತ್ತಿ ಮೋರಿಗೆ ಚೆಲ್ಲಾಕತ್ತಿದ್ಲು.

"ಏಳ್ರಿ! ಏನ್ ಛತ್ರ ತಿಳದೀರೇನು? ಜಿಲಾನಿ, ಎಳದು ಹೊರಗ ಹಾಕು!"

ಜಿಲಾನಿಸಾಬ್ ಬಾಗಲದ ಹೊರಗ ಬೆನ್ನು ಕೊಟ್ಟು ನಿಂತ. "ಹೆಣ್ಮಕ್ಕಳು ಹಾಲು ಕುಡಸಾಕತ್ತಾರ್ರಿ ಸಾಹುಕಾರ್ರ. ನಾ ಹ್ಯಾಂಗ ಒಳಗ ಬರ್ಲಿ? ನೀವೂ ಹೊರಗ ಬರ್ರಿ."

ಸೂಗಪ್ಪ ಯಂಕಮ್ಮನ ಮುಂದ ಬಂದು ಬೆರಳ ತೋರಿಸಿದ. "ನಿಂದ ಇದು ಎಲ್ಲಾ. ನಾಳಿಂದ ನೀ ಬರಬ್ಯಾಡ."

ಯಂಕಮ್ಮ ತಲಿ ಎತ್ತಿದ್ಲು. ಸಿಟ್ಟು ಇಳದಿರಲಿಲ್ಲ, ಇಳಿಯೋ ಲಕ್ಷಣಾನೂ ಇರಲಿಲ್ಲ. ಹುಲಿಗಿನ್ನ ಮೆಲ್ಲಕ ಬಿಡಿಸಿ, ತಿರುವಿ, ಇನ್ನೊಂದು ಎದಿಗೆ ಹಚ್ಚಿಕೊಂಡ್ಲು.

"ನಾಳಿಂದು ನಾಳಿ ನೋಡೋಣ್ರಿ. ಇವತ್ತಿಂದು ಇನ್ನಾ ಅರ್ಧ ಉಳದೈತಿ," ಅಂದ್ಲು. "ಈಟು ಬಾಜೂಕ ಸರೀರಿ, ಕೂಸಿಗೆ ಗಾಳಿ ಬರವಲ್ದು."